ಒಸಿಡಿ ಇರೋರಿಗೆ "ಏನಾಗಲ್ಲ" ಅಂತ ಹೇಳೋ ಬದ್ಲು ಮನೇಲಿ ಏನ್ ಮಾಡ್ಬಹುದು

ನನ್ ತಮ್ಮಂಗೆ ಒಸಿಡಿ, ಅಂದ್ರೆ ಬೇಡ ಅಂದ್ರೂ ಒಂದೇ ಭಯ ಮತ್ತೆ ಮತ್ತೆ ಬಂದು, ಅದನ್ನ ತಡೆಯೋಕೆ ಒಂದೇ ಕೆಲ್ಸ ಮತ್ತೆ ಮತ್ತೆ ಮಾಡಿಸೋ ಮಾನಸಿಕ ಕಾಯಿಲೆ. ಮಡಿಕೇರಿ ಮಳೇಲಿ ಟವೆಲ್ಲೂ ಒಣಗದ ಜುಲೈನಲ್ಲಿ ಕೈ ತೊಳ್ದೂ ತೊಳ್ದೂ ಬೆರಳ ಸಂದಿಯೆಲ್ಲ ಬೆಳ್ಳಗೆ ಬಿರಿದು ರಕ್ತ ಜಿನುಗ್ತಿತ್ತು. ಮೆಣಸಿನ ಬಳ್ಳಿಗೆ ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧಿ) ಹೊಡ್ದೋರು ಯಾವತ್ತೋ ಮುಟ್ಟಿದ ಗೇಟಿನ ಚಿಲಕದಿಂದ ವಿಷ ಹತ್ತಿದೆ ಅನ್ನೋ ಭಯ. "ಏನಾಗಲ್ಲ ಅಲ್ವಾ ಅಕ್ಕ?" ಅಂತಿದ್ದ, "ಏನಾಗಲ್ಲ ಕಣೋ" ಅಂತಿದ್ದೆ, ಹತ್ತೇ ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ.

ಅವ್ನಿಗೆ ಬುದ್ಧಿ ಇಲ್ಲ ಅಂತಲ್ಲ. ಹಣೆ ಹಿಂದಿನ ಮೆದುಳು, ಒಳಗಿನ ಸ್ಟ್ರಯೇಟಮ್, ಥಾಲಮಸ್ ಇವುಗಳ ಮಧ್ಯೆ ಸುತ್ತೋ ಸರ್ಕ್ಯೂಟ್ ಒಸಿಡಿಲಿ ಜಾಸ್ತಿ ಚುರುಕಾಗಿರತ್ತೆ, "ಏನೋ ಸರಿಯಿಲ್ಲ" ಅನ್ನೋ ಅಲಾರಂ ಆಫೇ ಆಗಲ್ಲ. 2017ರಲ್ಲಿ ಕೇಂಬ್ರಿಡ್ಜ್‌ನವರು ಎರಡು ಮುಖದ ಚಿತ್ರ ತೋರ್ಸಿ ಒಂದಕ್ಕೆ ಮಾತ್ರ ಆಗಾಗ ಸಣ್ಣ ಶಾಕ್ ಕೊಟ್ರು, ಆಮೇಲೆ ಅದನ್ನ ಅದಲು ಬದಲು ಮಾಡಿದ್ರು, ಮೊದ್ಲು ಶಾಕ್ ಬರ್ತಿದ್ದ ಮುಖ ಈಗ ಸೇಫ್ ಅನ್ನೋದು ಒಸಿಡಿ ಇರೋರ ಮೆದುಳಿಗೆ ಸರಿಯಾಗಿ ನಾಟ್ಲೇ ಇಲ್ಲ. ಅಂದ್ರೆ ಭಯ ಬೇಗ ಕಲಿಯತ್ತೆ, ಅಭಯ ಕಲಿಯೋದು ಕಷ್ಟ. ಇದು ಗೊತ್ತಾದ್ಮೇಲೆ ನಾನು ಅವ್ನ ಮೇಲೆ ರೇಗೋದು ಬಿಟ್ಟೆ.

ಮೊದ್ಲು ತರಬೇತಿ ಇರೋ ಸೈಕಾಲಜಿಸ್ಟ್ ಹತ್ರ ಇಆರ್‌ಪಿ (ಭಯ ಆಗೋದನ್ನ ಸ್ವಲ್ಪ ಸ್ವಲ್ಪವಾಗಿ ಎದುರಿಸಿ, ಕೈ ತೊಳೆಯೋ ಥರದ ಕೆಲ್ಸ ಮಾಡ್ದೇ ತಡ್ಕೊಳ್ಳೋ ಥೆರಪಿ) ಶುರು ಮಾಡಿ, ಮನೇಲಿ ಮಾಡೋದೆಲ್ಲ ಅವ್ರು ಹೇಳಿದ ಹಾಗೆ. ಮನಸ್ಸು ಶಾಂತ ಇದ್ದಾಗ ಕೂತು ಭಯಗಳಿಗೆ ಸೊನ್ನೆಯಿಂದ ನೂರರೊಳಗೆ ಮಾರ್ಕ್ಸ್ ಹಾಕ್ಸಿ, ಮೂವತ್ತು ನಲವತ್ತರದ್ದು ಮೊದ್ಲು ತಗೊಳ್ಳಿ. ಮುಟ್ಟೋಕ್ ಮುಂಚೆ, ಮುಟ್ಟಿದ್ರೆ ಏನಾಗತ್ತೆ ಅಂತ ಅವ್ರ ಬಾಯಲ್ಲೇ ಹೇಳ್ಸಿ ಬರೆದಿಡಿ, ಇದು ತುಂಬಾ ಮುಖ್ಯ, ಯಾಕಂದ್ರೆ ಮೆದುಳು ಕಲಿಯೋದು ಅಂದ್ಕೊಂಡಿದ್ದು ಆಗ್ದೇ ಇದ್ದಾಗ. ನಮ್ಮವನು "ರಾತ್ರಿಯೊಳಗೆ ವಾಂತಿ ಆಗತ್ತೆ" ಅಂದ, ಕ್ಯಾಲೆಂಡರ್ ಹಿಂದೆ ಬರೆದ್ವಿ, ಚಿಲಕ ಮುಟ್ಟಿ ಕೈ ತೊಳೀದೇ ಜಗಲೀಲಿ ಕೂತ, ಮೈಯೆಲ್ಲ ನಡುಗ್ತಿತ್ತು, ಬೆಳಿಗ್ಗೆ ಎದ್ದು ಆ ಸಾಲನ್ನ ತಾನೇ ಓದ್ದ. ಬೇರೆ ಬೇರೆ ಕಡೆನೂ ಮಾಡ್ಸಿ, ಇಲ್ಲಾಂದ್ರೆ ಕಲ್ತಿದ್ದು ಆ ಗೇಟಿಗಷ್ಟೇ ಅಂಟ್ಕೊಳತ್ತೆ. ಬಲವಂತ ಮಾತ್ರ ಬೇಡ. (ನಿಜವಾಗ್ಲೂ ಔಷಧಿ ಹೊಡೆದು ಬಂದ ದಿನ ಸೋಪ್ ಹಾಕಿ ತೊಳೀಲೇಬೇಕು, ಅದು ಎಲ್ರಿಗೂ.)

"ಏನಾಗಲ್ಲ ಅಲ್ವಾ" ಅಂತ ಕೇಳಿದ್ರೆ ಉತ್ತರ ಕೊಡ್ಬೇಡಿ, ಕೊಟ್ರೂ ಮತ್ತೆ ಅದೇ ಪ್ರಶ್ನೆ ಬರತ್ತೆ, ಆದ್ರೆ ಇದನ್ನ ಮುಂಚೆನೇ ಮಾತಾಡ್ಕೊಂಡಿರಿ. ನಾನು "ಉತ್ತರ ಕೊಡಲ್ಲ ಕಣೋ, ಪಕ್ಕದಲ್ಲೇ ಕೂತಿರ್ತೀನಿ" ಅಂತೀನಿ.

ಮಾತ್ರೆ ಕೊಟ್ಟಿದ್ರೆ ಕೆಲ್ಸ ಮಾಡೋಕೆ 8-12 ವಾರ ಬೇಕು, ನೀವಾಗಿ ನಿಲ್ಲಿಸ್ಬೇಡಿ. 1992ರಲ್ಲೇ ಅಮೆರಿಕಾದಲ್ಲಿ ಸ್ಕ್ಯಾನ್ ಮಾಡಿ ನೋಡಿದ್ರು, ಮಾತ್ರೆಯಿಂದ ಗುಣ ಆದೋರಲ್ಲೂ ಬರೀ ಥೆರಪಿಯಿಂದ ಗುಣ ಆದೋರಲ್ಲೂ ಆ ಸ್ಟ್ರಯೇಟಮ್‌ನ ಕಾಡೇಟ್ ಅನ್ನೋ ಭಾಗದ ಚಟುವಟಿಕೆ ಇಳಿದಿತ್ತು. ಯಾರ ಹತ್ರ ಹೋಗೋದು ಅಂತ ಗೊತ್ತಾಗ್ದಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿನೂ ಇರತ್ತೆ.