ಇಂಡೆಕ್ಸ್‌ನಲ್ಲಿ ಯಾವ ಕಾಲಂ ಮೊದಲು? ಬ್ಯಾಡಗಿ ದಲಾಲಿ ಲೆಕ್ಕದಲ್ಲಿ ನನ್ನ ಅನುಭವ

ಸರ್ವರ್ ದೊಡ್ಡದು ಮಾಡದೆ ದಲಾಲಿ ಅಂಗಡಿಯ ಬಾಕಿ ಲೆಕ್ಕ ತೆಗೆಯುವ ಈ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಬೇಗ ಓಡುವುದಿಲ್ಲ ಎಂದು ಹುಬ್ಬಳ್ಳಿಯ ಗೆಳೆಯರೆಲ್ಲ ಹೇಳಿದ್ದರು. ಅದೇ ಸಣ್ಣ ಸರ್ವರ್‌ನಲ್ಲಿ ಅದು ಈಗ ಅರ್ಧ ಸೆಕೆಂಡೂ ಹಿಡಿಯದೆ ಮುಗಿಯುತ್ತಿರುವುದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಕೆಲವು ದಲಾಲಿ ಅಂಗಡಿಗಳ ಲೆಕ್ಕ ನಾನು ನೋಡಿಕೊಳ್ಳುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. ಸೋಮವಾರ ಮತ್ತು ಗುರುವಾರ ಟೆಂಡರ್. ಹಂಗಾಮಿನಲ್ಲಿ ಒಂದೇ ದಿನ ಲಕ್ಷಕ್ಕೂ ಮಿಕ್ಕಿ ಚೀಲಗಳು ಬರುತ್ತವೆ, ದರ ಹೊರಬಿದ್ದ ಕೂಡಲೇ ಎಲ್ಲ ಗುಮಾಸ್ತರೂ ಒಟ್ಟಿಗೆ ಪಟ್ಟಿ ತೆಗೆಯಲು ಕೂರುತ್ತಾರೆ. ಲಾಟುಗಳ (ಒಟ್ಟಿಗೆ ಮಾರಾಟಕ್ಕಿಟ್ಟ ಚೀಲಗಳ ಗುಂಪು) ಟೇಬಲ್‌ನಲ್ಲಿ ಸುಮಾರು 90 ಲಕ್ಷ ಸಾಲುಗಳಿದ್ದವು. ಒಂದು ಅಂಗಡಿಯ, ಇಂತಿಷ್ಟು ದಿನಗಳ, ಇನ್ನೂ ಹಣ ಪಾವತಿಯಾಗದ ಲಾಟುಗಳನ್ನು ಕೇಳಿದರೆ ಸಾಧಾರಣ ದಿನ 14 ಸೆಕೆಂಡು, ಟೆಂಡರ್ ದಿನ ನಿಮಿಷದ ಮೇಲೆ ಹಿಡಿಯುತ್ತಿತ್ತು. ರೈತರು ಎದುರಿಗೆ ನಿಂತಿರುವಾಗ ಸಾವಕಾರರ ಮುಖ ಹೇಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಮೊದಲಿಗೆ ಸರ್ವರ್ ಬಾಡಿಗೆಯವರ ಸಲಹೆಯಂತೆ ಮೆಮೊರಿಯನ್ನು ದುಪ್ಪಟ್ಟು ಮಾಡಲಾಯಿತು. ತಿಂಗಳಿಗೆ 9,000 ರೂಪಾಯಿ ಇದ್ದ ಬಾಡಿಗೆ 20,000ದ ಹತ್ತಿರ ಹೋಯಿತು, ಕ್ವೆರಿ ಮಾತ್ರ 14ರಿಂದ 11 ಸೆಕೆಂಡಿಗೆ ಇಳಿಯಿತು. ಅಷ್ಟು ಹಣಕ್ಕೆ ಮೂರು ಸೆಕೆಂಡು!

ತೊಡಕು ಬೇರೆಡೆ ಇತ್ತು. ಹಿಂದಿನವರು ಅಂಗಡಿ, ರೈತ, ದಿನಾಂಕ, ಪಾವತಿಯ ಸ್ಥಿತಿ ಹೀಗೆ ಪ್ರತಿ ಕಾಲಂಗೂ ಒಂದೊಂದು ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂತೆ, ಬೇಕಾದ ಸಾಲುಗಳನ್ನು ಬೇಗ ಹುಡುಕಿಕೊಡುವಂಥದ್ದು) ಕಟ್ಟಿದ್ದರು. ಅಂಗಡಿಯ ಇಂಡೆಕ್ಸ್ ಹಿಡಿದರೆ ಆ ಅಂಗಡಿಯ ಎಲ್ಲ ವರ್ಷಗಳ ಲಾಟುಗಳು, ದಿನಾಂಕದ್ದನ್ನು ಹಿಡಿದಿದ್ದರೂ ಆ ದಿನಗಳ ಎಲ್ಲ ಅಂಗಡಿಗಳ ಲಾಟುಗಳು ಎದ್ದು ಬರುತ್ತಿದ್ದವು. ಸಾಲದ್ದಕ್ಕೆ ಸಮಯದ ಕಾಲಂ ಅನ್ನು ಫಂಕ್ಷನ್‌ನಿಂದ ದಿನಾಂಕವಾಗಿಸಿ ಹೋಲಿಸುತ್ತಿದ್ದುದರಿಂದ ದಿನಾಂಕದ ಇಂಡೆಕ್ಸ್ ಇದ್ದೂ ಇಲ್ಲದಂತಿತ್ತು. ಕಾಲಂ ಅನ್ನು ಮುಟ್ಟದೆ, ‘ಈ ದಿನದ ಆರಂಭದಿಂದ, ಆ ದಿನದ ಆರಂಭಕ್ಕಿಂತ ಮುಂಚೆ’ ಎಂಬ ಷರತ್ತನ್ನು ಬರೆದೆ.

ಅನಂತರ ದಿನಾಂಕ ಮುಂದೆ, ಅಂಗಡಿ ಹಿಂದೆ ಇಟ್ಟು ಜೋಡಿ ಇಂಡೆಕ್ಸ್ ಕಟ್ಟಿ ನೋಡಿದಾಗ ನಾಲ್ಕು ಸೆಕೆಂಡಿನ ಆಸುಪಾಸಿಗೆ ಬಂದು ನಿಂತಿತು. ಆಗಲೇ ಗೆಳೆಯರಿಂದ ‘ನಾವು ಹೇಳಿರಲಿಲ್ಲವೇ’ ಎಂಬ ಮಾತು ಕೇಳಿಬಂದದ್ದು. ಕ್ರಮವನ್ನು ತಿರುಗಿಸಿ, ಸಮ ಎಂದು ಹೋಲಿಸುವ ಅಂಗಡಿಯನ್ನು ಮುಂದೆ, ವ್ಯಾಪ್ತಿಯ ದಿನಾಂಕವನ್ನು ಹಿಂದೆ ಇಟ್ಟೆ. ಹೀಗಿಟ್ಟರೆ ಆ ಅಂಗಡಿಯ, ಆ ದಿನಗಳ ಸಾಲುಗಳು ಇಂಡೆಕ್ಸ್‌ನಲ್ಲಿ ಒಂದೇ ಕಡೆ ಸಾಲಾಗಿ ಸಿಗುತ್ತವೆ. ಜೊತೆಗೆ ಪಾವತಿ ಬಾಕಿಯಿರುವ ಸಾಲುಗಳಿಗಷ್ಟೇ ಪಾರ್ಶಿಯಲ್ ಇಂಡೆಕ್ಸ್ ಮಾಡಿದೆ. ಬಾಕಿ ಲಾಟುಗಳು ಯಾವಾಗಲೂ 30-40 ಸಾವಿರದೊಳಗೇ ಇರುವುದರಿಂದ ಆ ಇಂಡೆಕ್ಸ್ ಎರಡು-ಮೂರು ಎಂಬಿ ದಾಟಲಿಲ್ಲ. ಇಲ್ಲಿ ಒಂದು ಎಚ್ಚರಿಕೆ ಬೇಕು: ‘ಬಾಕಿ’ ಎಂಬ ಸ್ಥಿತಿಯನ್ನು ಪ್ಯಾರಾಮೀಟರ್ ಆಗಿ (ಹೊರಗಿನಿಂದ ತುಂಬುವ ಮೌಲ್ಯವಾಗಿ) ಕಳಿಸಿದರೆ, ಪ್ಲ್ಯಾನ್ ಜೆನೆರಿಕ್ ಆದಾಗ (ಮೌಲ್ಯ ಯಾವುದೆಂದು ನೋಡದೆ ಒಂದೇ ಯೋಜನೆಯನ್ನು ಎಲ್ಲಕ್ಕೂ ಬಳಸಿದಾಗ) ಈ ಇಂಡೆಕ್ಸ್ ಬಳಕೆಗೆ ಬಾರದು, ಅದನ್ನು ಕ್ವೆರಿಯೊಳಗೇ ನೇರವಾಗಿ ಬರೆಯಬೇಕು. ಕ್ವೆರಿಯನ್ನು ಓಡಿಸಿ ಅದರ ಹಾದಿ ಮತ್ತು ಸಮಯ ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಈಗ ಸುಮಾರು 20 ಮಿಲಿಸೆಕೆಂಡು ತೋರಿಸುತ್ತದೆ. ಉಳಿದ ಹೊತ್ತು ನೆಟ್‌ವರ್ಕ್ ಮತ್ತು ಮುದ್ರಣದ್ದು.

ಕೈ ಬಿಡುವಾಗಿದ್ದಾಗ ರೈತರ ಹೆಸರಿನ ಹುಡುಕಾಟಕ್ಕೆ ಟ್ರೈಗ್ರಾಮ್ ಇಂಡೆಕ್ಸ್ (ಹೆಸರನ್ನು ಮೂರು-ಮೂರು ಅಕ್ಷರಗಳ ತುಣುಕಾಗಿಸಿ ಹುಡುಕುವಂಥದ್ದು) ಹಾಕಿ ನೋಡಿದೆ. ಅಪರೂಪದ ಹೆಸರುಗಳು ಥಟ್ಟನೆ ಸಿಕ್ಕವು, ಆದರೆ ನಮ್ಮ ಭಾಗದಲ್ಲಿ ‘ಪಾಟೀಲ’ ಎಂದು ಹುಡುಕಿದರೆ ಅರ್ಧ ತಾಲ್ಲೂಕೇ ಎದ್ದು ಬರುತ್ತದೆ. ಯಾವ ಹಾದಿ ಹಿಡಿಯಬೇಕೆಂದು ನಿರ್ಧರಿಸುವ ಪ್ಲ್ಯಾನರ್ ಇಂಡೆಕ್ಸ್ ಬಿಟ್ಟು ಇಡೀ ಟೇಬಲ್ ಓದಿತು, ಅದು ನ್ಯಾಯವೂ ಹೌದು. ಊರಿನ ಹೆಸರು ಮತ್ತು ಮೊಬೈಲಿನ ಕೊನೆಯ ನಾಲ್ಕು ಅಂಕಿ ಕೇಳುವಂತೆ ಪರದೆಯನ್ನೇ ಬದಲಿಸಿದೆ. ವರ್ಷದ ಲೆಕ್ಕ ಮುಗಿಸುವ ವರದಿಯನ್ನು ಹೇಗೆ ಹಗುರ ಮಾಡಿದೆನೆಂಬುದು ಮಾತ್ರ ನನ್ನ ಹೊಟ್ಟೆಪಾಡಿನ ಗುಟ್ಟು, ಅದನ್ನು ಇಲ್ಲಿ ಬರೆಯಲಾರೆ.

ಕೊನೆಗೆ, ಯಾವ ಇಂಡೆಕ್ಸ್ ಎಷ್ಟು ಬಾರಿ ಬಳಕೆಯಾಯಿತೆಂಬ ಎಣಿಕೆಯನ್ನು ಒಂದು ಹಂಗಾಮು ಪೂರ್ತಿ ನೋಡಿ, ಒಮ್ಮೆಯೂ ಸ್ಕ್ಯಾನ್ ಆಗದ ಹಳೆಯ ಇಂಡೆಕ್ಸ್‌ಗಳಲ್ಲಿ ಪ್ರೈಮರಿ ಕೀ ಮತ್ತು ಯುನಿಕ್ ಆಗಿರುವವನ್ನು (ಸಾಲುಗಳು ಇಮ್ಮಡಿಯಾಗದಂತೆ ಕಾಯುವವನ್ನು) ಉಳಿಸಿ ಮಿಕ್ಕವನ್ನು ತೆಗೆದೆ. ನಾಲ್ಕೈದು ಹೋದವು. ಪ್ರತಿ ಹೊಸ ಸಾಲಿಗೂ ತಿದ್ದಬೇಕಾದ ಇಂಡೆಕ್ಸ್‌ಗಳು ಕಡಿಮೆಯಾದ್ದರಿಂದ ಬೆಳಗಿನ ಲಾಟ್ ನಮೂದಿಸುವ ಕೆಲಸವೂ ಚುರುಕಾಯಿತು, ಸರ್ವರನ್ನು ಮೊದಲಿನಂತೆ ಸಣ್ಣದು ಮಾಡಿದ್ದರಿಂದ ಬಾಡಿಗೆ ಮತ್ತೆ 9,000ಕ್ಕೆ ಬಂತು.