ಶುಗರ್ ಬಾರ್ಡರ್‌ನಲ್ಲಿದೆ ಅಂದ್ರಾ? ಮೊದಲು ಅನ್ನದ ಸೌಟು ನೋಡಿ

"ಗಾಬರಿ ಏನಿಲ್ಲ, ಬಾರ್ಡರ್‌ನಲ್ಲಿದೆ, ಸ್ವೀಟ್ ಕಮ್ಮಿ ಮಾಡಿ" ಅಂತ ಡಾಕ್ಟರ್ ಹೇಳಿ ಕಳಿಸ್ತಾರೆ, ನಾವೂ ಸದ್ಯ ಮಾತ್ರೆ ಕೊಟ್ಟಿಲ್ವಲ್ಲ ಅಂತ ಸಮಾಧಾನ ಮಾಡ್ಕೊಂಡು ಮನೆಗೆ ಬಂದು ಅದೇ ಊಟ ಅದೇ ತಿಂಡಿ ಮುಂದುವರಿಸ್ತೀವಿ. ನಂಗೂ ಹಾಗೇ ಹೇಳಿದ್ರು. ಆಗ 44 ವಯಸ್ಸು, ಫಾಸ್ಟಿಂಗ್ 113, ಮೂರು ತಿಂಗಳ ಆವರೇಜ್ ಅಂತೀವಲ್ಲ ಆ ಎಚ್‌ಬಿಎ1ಸಿ 6.2, ತೂಕ 68 ಕೆಜಿ. ನಾನು ಸ್ವೀಟ್ ತಿನ್ನೋದೇ ಹಬ್ಬಕ್ಕೆ, ಹಾಗಾದ್ರೆ ಏನು ಕಮ್ಮಿ ಮಾಡೋದು ಅಂತಾನೇ ಗೊತ್ತಾಗ್ಲಿಲ್ಲ. ಆದ್ರೆ ಅಮ್ಮಂಗೆ ಇಪ್ಪತ್ತು ವರ್ಷದಿಂದ ಶುಗರ್ ಇದೆ, ರಾತ್ರಿ ಕಾಲುರಿ ತಡೀಲಾರದೆ ಎದ್ದು ಕೂತ್ಕೊಳೋದು, ಕಣ್ಣಿಗೆ ಇಂಜೆಕ್ಷನ್, ಎಲ್ಲಾ ಹತ್ರದಿಂದ ನೋಡಿದೀನಿ, ಅದಕ್ಕೇ ಸುಮ್ನೆ ಬಿಡೋಕೆ ಮನಸ್ಸು ಬರ್ಲಿಲ್ಲ. ಎಂಟು ತಿಂಗಳಿಗೆ 5.5ಕ್ಕೆ ಬಂತು, ಆಮೇಲೂ ಅಲ್ಲೇ ಇದೆ. ಏನೇನು ಮಾಡಿದೆ, ಯಾಕೆ ಮಾಡಿದೆ ಅಂತ ನಮ್ಮ ಅಡುಗೆಮನೆ ಲೆಕ್ಕದಲ್ಲೇ ಹೇಳ್ತೀನಿ.

ಮೊದಲು ನಂಬರ್ ಸರಿಯಾಗಿ ತಿಳ್ಕೊಳ್ಳಿ. ಖಾಲಿ ಹೊಟ್ಟೇಲಿ 100ರಿಂದ 125, ಅಥವಾ ಗ್ಲೂಕೋಸ್ ಕುಡಿಸಿ 2 ಗಂಟೆ ಆದ್ಮೇಲೆ 140ರಿಂದ 199, ಅಥವಾ ಎಚ್‌ಬಿಎ1ಸಿ 5.7ರಿಂದ 6.4, ಇದ್ರಲ್ಲಿ ಯಾವ್ದು ಬಂದ್ರೂ ಪ್ರಿಡಯಾಬಿಟಿಸ್, ಅದನ್ನೇ ಬಾರ್ಡರ್ ಅನ್ನೋದು. ಎಚ್‌ಬಿಎ1ಸಿ 6.5 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಡಯಾಬಿಟಿಸ್ ಲೆಕ್ಕ, ಅದನ್ನ ಇನ್ನೊಂದು ಟೆಸ್ಟ್ ಮಾಡಿಸಿ ಖಚಿತ ಮಾಡ್ತಾರೆ. ಹೆಂಗಸರು ಒಂದು ವಿಷ್ಯ ಗಮನಿಸ್ಬೇಕು, ಐರನ್ ಕಮ್ಮಿ ಇದ್ದು ರಕ್ತಹೀನತೆ ಇದ್ರೆ ಶುಗರ್ ಅಷ್ಟಿಲ್ದೇ ಇದ್ರೂ ಎಚ್‌ಬಿಎ1ಸಿ ಸ್ವಲ್ಪ ಜಾಸ್ತಿ ತೋರಿಸ್ಬಹುದು, ಅದಕ್ಕೆ ಹಿಮೋಗ್ಲೋಬಿನ್ನೂ ಒಟ್ಟಿಗೆ ನೋಡಿಸಿ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸರ್ವೆ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿ ಜನಕ್ಕೆ ಡಯಾಬಿಟಿಸ್ ಇದೆ, ಪ್ರಿಡಯಾಬಿಟಿಸ್ ಇರೋರು ಇನ್ನೂ ಜಾಸ್ತಿ, 13.6 ಕೋಟಿ. ಅಂದ್ರೆ ಇದು ನಿಮ್ಮೊಬ್ರ ತಪ್ಪಿಂದ ಬಂದಿದ್ದಲ್ಲ, ನಾಚ್ಕೊಂಡು ಮುಚ್ಚಿಡೋ ವಿಷ್ಯಾನೂ ಅಲ್ಲ.

ವಾಪಸ್ ಬರುತ್ತಾ ಅಂದ್ರೆ, ತುಂಬಾ ಜನಕ್ಕೆ ಬರುತ್ತೆ, ಎಲ್ರಿಗೂ ಬರುತ್ತೆ ಅಂತ ಹೇಳಲ್ಲ. ಅಮೆರಿಕದಲ್ಲಿ 3,234 ಜನರ ಮೇಲೆ ಮಾಡಿದ ದೊಡ್ಡ ಸ್ಟಡಿ 2002ರಲ್ಲಿ ಬಂತು, ತೂಕ ಶೇಕಡಾ 7ರಷ್ಟು ಇಳಿಸೋದು, ವಾರಕ್ಕೆ 150 ನಿಮಿಷ ನಡಿಯೋದು ಅನ್ನೋ ಗುರಿ ಇಟ್ಕೊಂಡೋರಲ್ಲಿ ಡಯಾಬಿಟಿಸ್ ಆಗೋದು ಶೇಕಡಾ 58 ಕಮ್ಮಿ ಆಯ್ತು, ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ತಗೊಂಡೋರಲ್ಲಿ ಶೇಕಡಾ 31. ನಮ್ಮ ಪಕ್ಕದ ಚೆನ್ನೈನಲ್ಲೇ 531 ಜನರ ಮೇಲೆ ಮಾಡಿದ್ದು 2006ರಲ್ಲಿ ಬಂತು, ಅಲ್ಲಿ ಊಟ ಮತ್ತೆ ವಾಕಿಂಗ್ ಬದಲಾಯಿಸಿದೋರಲ್ಲಿ ಶೇಕಡಾ 28ರಷ್ಟು ಕಮ್ಮಿ ಆಯ್ತು. ಆ ಚೆನ್ನೈ ಸ್ಟಡೀಲಿ ಜನರ ತೂಕ ಹೆಚ್ಚುಕಮ್ಮಿ ಇಳೀಲೇ ಇಲ್ಲ, ಆದ್ರೂ ಉಪಯೋಗ ಆಯ್ತು. ಸಣ್ಣಗಿದ್ದೂ ಬಾರ್ಡರ್ ಬಂದಿರೋರು ಇದನ್ನ ನೆನಪಿಟ್ಕೊಳ್ಳಿ. ನಮ್ಮೋರಿಗೆ ಕೈಕಾಲು ಸಣ್ಣ ಇದ್ರೂ ಹೊಟ್ಟೇಲಿ ಕೊಬ್ಬು ಇರುತ್ತೆ, ಅದಕ್ಕೇ ತೂಕಕ್ಕಿಂತ ಟೇಪ್ ಹಿಡ್ದು ಸೊಂಟ ಅಳೀರಿ, ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದಕ್ಕಿಂತ ಜಾಸ್ತಿ ಇದ್ರೆ ಕೆಲಸ ಇದೆ ಅಂತ ಅರ್ಥ.

ಒಳಗೆ ಏನಾಗುತ್ತೆ ಅಂತ ನಂಗೆ ಅರ್ಥ ಆಗಿದ್ದು ನಮ್ಮೂರಲ್ಲಿ ಭತ್ತ ತುಂಬಿಡೋ ಕಣಜ ನೆನಪಾದಾಗ. ಊಟದಿಂದ ಬರೋ ಸಕ್ಕರೆ ತುಂಬಿಡೋಕೆ ನಮ್ಮ ಮೈಯಲ್ಲಿರೋ ದೊಡ್ಡ ಕಣಜ ಅಂದ್ರೆ ಮಾಂಸಖಂಡ, ಅದ್ರಲ್ಲೂ ತೊಡೆ ಮತ್ತೆ ಸೊಂಟದ ಕೆಳಗಿನದ್ದು. ದಿನಾ ಗದ್ದೆ ಕೆಲಸ ಇದ್ದಾಗ ಕಣಜ ಖಾಲಿ ಆಗ್ತಾ ಇತ್ತು, ಮತ್ತೆ ತುಂಬ್ತಾ ಇತ್ತು. ಈಗ ಬೆಳಿಗ್ಗೆಯಿಂದ ಸಂಜೆ ತನಕ ಕುರ್ಚಿ ಮೇಲೆ ಕೂತಿರ್ತೀವಿ, ನಿನ್ನೆ ತುಂಬಿದ್ದೇ ಖರ್ಚಾಗಿಲ್ಲ, ಇವತ್ತಿನ ರಾಶಿ ಎಲ್ಲಿಗೆ ಹಾಕೋದು? ರಕ್ತದಲ್ಲೇ ಉಳಿಯುತ್ತೆ, ಇಲ್ಲಾ ಲಿವರ್‌ನಲ್ಲಿ ಹೊಟ್ಟೇಲಿ ಕೊಬ್ಬಾಗಿ ಕೂರುತ್ತೆ. ಹಾಗಾಗಿ ಕೆಲಸ ಎರಡೇ, ಬರೋ ರಾಶಿ ಕಮ್ಮಿ ಮಾಡೋದು, ಕಣಜ ಖಾಲಿ ಮಾಡೋದು.

ರಾಶಿ ಅಂದ್ರೆ ನಮ್ಮ ಮನೇಲಿ ಅನ್ನ. ಒಂದು ವಾರ ನಾನು ಏನೂ ಬದಲಾಯಿಸದೆ ಬರೀ ಎಣಿಸಿದೆ. ಮಧ್ಯಾಹ್ನ ಹುಳಿಗೆ ಎರಡು ಸೌಟು ಅನ್ನ, ಸಾರಿಗೆ ಎರಡು, ಮಜ್ಜಿಗೆಗೆ ಒಂದು, ಒಟ್ಟು ಐದು, ಪಲ್ಯ ಮಾತ್ರ ತಟ್ಟೆ ಮೂಲೇಲಿ ಎರಡು ಚಮಚ. ಅದನ್ನ ತಿರುಗಿಸಿ ಹಾಕಿದೆ, ಅಷ್ಟೇ. ಪಲ್ಯ, ಕೋಸಂಬರಿ, ಸೊಪ್ಪು ಸೇರಿ ಅರ್ಧ ತಟ್ಟೆ, ಕಾಳು ಅಥವಾ ಗಟ್ಟಿ ಬೇಳೆ, ಮೊಟ್ಟೆ, ಮೀನು, ಕೋಳಿ ಇಂಥದ್ದು ಕಾಲು ತಟ್ಟೆ, ಅನ್ನನೋ ಮುದ್ದೆನೋ ಚಪಾತಿನೋ ಯಾವುದಾದ್ರೂ ಒಂದು ಕಾಲು ತಟ್ಟೆ. ನಂಗೆ ಅದು ಒಂದೂವರೆ ಸೌಟು ಅನ್ನ. ಒಂದೇ ದಿನ ಐದರಿಂದ ಒಂದೂವರೆಗೆ ಇಳಿಸ್ಬೇಡಿ, ರಾತ್ರಿ ಹಸಿವು ತಡೀದೆ ಡಬ್ಬ ಹುಡುಕ್ಕೊಂಡು ಹೋಗ್ತೀರಾ, ವಾರಕ್ಕೆ ಅರ್ಧರ್ಧ ಸೌಟು ಇಳಿಸಿ, ಅಷ್ಟಷ್ಟೇ ಪಲ್ಯ ಕಾಳು ಏರಿಸಿ.

ತಿನ್ನೋ ಕ್ರಮಾನೂ ಮುಖ್ಯ. ಮದುವೆ ಊಟದಲ್ಲಿ ಬಾಳೆಲೆ ಮೇಲೆ ಮೊದಲು ಕೋಸಂಬರಿ ಪಲ್ಯ ಬಡಿಸ್ತಾರೆ, ಅನ್ನ ಆಮೇಲೆ ಬರುತ್ತೆ, ಆದ್ರೆ ನಾವು ಅನ್ನ ಬರೋ ತನಕ ಕಾಯ್ತಾ ಕೂತಿರ್ತೀವಿ. ಕಾಯ್ಬೇಡಿ, ತರಕಾರಿ ಕಾಳು ಮೊದಲು ತಿಂದು ಮುಗಿಸಿ, ಆಮೇಲೆ ಅನ್ನಕ್ಕೆ ಕೈ ಹಾಕಿ. ನಾರು ಮತ್ತೆ ಪ್ರೋಟೀನ್ ಮೊದಲು ಹೊಟ್ಟೆ ಸೇರಿದ್ರೆ ಅನ್ನದ ಸಕ್ಕರೆ ನಿಧಾನಕ್ಕೆ ಏರುತ್ತೆ, ನಾನು ಮನೇಲಿ ಶುಗರ್ ನೋಡೋ ಮೆಷಿನ್‌ನಲ್ಲಿ ನೋಡಿದಾಗ ಅದೇ ಊಟಕ್ಕೆ ವ್ಯತ್ಯಾಸ ಕಾಣಿಸ್ತು.

ಈಗ ಮುದ್ದೆ ವಿಷ್ಯ, ಇದ್ರಲ್ಲಿ ತುಂಬಾ ಜನ ಎಡವ್ತಾರೆ. ರಾಗಿ ಒಳ್ಳೇದು ನಿಜ, 100 ಗ್ರಾಂ ರಾಗೀಲಿ 11 ಗ್ರಾಂನಷ್ಟು ನಾರು ಇದೆ, ಬಿಳಿ ಅಕ್ಕೀಲಿ 3 ಗ್ರಾಂ ಕೂಡ ಇಲ್ಲ. ಆದ್ರೆ ಅದೇ 100 ಗ್ರಾಂ ರಾಗೀಲಿ ಕಾರ್ಬೋಹೈಡ್ರೇಟ್ 67 ಗ್ರಾಂ, ಅಕ್ಕೀಲಿ 78, ಅಂಥಾ ದೊಡ್ಡ ಅಂತರ ಏನಿಲ್ಲ. ಶುಗರ್‌ಗೆ ರಾಗಿ ಒಳ್ಳೇದು ಅಂತ ಎರಡು ಮುದ್ದೆ ನುಂಗಿ ಮೇಲೆ ಅನ್ನನೂ ಉಂಡ್ರೆ ಏನು ಉಪಯೋಗ ಹೇಳಿ. ಸಣ್ಣ ಮುದ್ದೆ ಒಂದು, ಅದರ ಜೊತೆ ಅನ್ನ ಬೇಡ. ನುಣ್ಣಗೆ ಮಾಡಿದ ರಾಗಿ ಗಂಜಿಗಿಂತ ಮುದ್ದೇನೇ ವಾಸಿ, ಗಂಜಿ ಬೇಗ ಜೀರ್ಣ ಆಗಿ ಸಕ್ಕರೆ ಬೇಗ ಏರಿಸುತ್ತೆ. ನವಣೆ, ಸಾಮೆ, ಊದಲು, ಹಾರಕ ಎಲ್ಲದಕ್ಕೂ ಇದೇ ಮಾತು, ಸಿರಿಧಾನ್ಯ ಅಂತ ಅಳತೆ ಮರೀಬೇಡಿ. ಬೆಲ್ಲ, ಜೇನುತುಪ್ಪನೂ ಸಕ್ಕರೇನೇ, ಬೆಲ್ಲದ ಕಾಫಿ ಕುಡಿದ್ರೆ ಏನೂ ಆಗಲ್ಲ ಅನ್ನೋದನ್ನ ತಲೆಯಿಂದ ತೆಗೀರಿ.

ನಂಗೆ ಎಲ್ಲಕ್ಕಿಂತ ಕಷ್ಟ ಆಗಿದ್ದು ಬೆಳಗಿನ ತಿಂಡಿ. ಯೋಚನೆ ಮಾಡಿ, ಇಡ್ಲಿ ದೋಸೆ ಅಕ್ಕಿ, ಉಪ್ಪಿಟ್ಟು ರವೆ, ಅವಲಕ್ಕಿ ಅಕ್ಕಿ, ಚಿತ್ರಾನ್ನ ಪುಳಿಯೋಗರೆ ಸಾಕ್ಷಾತ್ ಅನ್ನ, ಜೊತೆಗೆ ನೆಂಚ್ಕೊಳೋದು ಎರಡು ಚಮಚ ಚಟ್ನಿ, ಹೊಟ್ಟೇಲಿ ನಿಲ್ಲೋವಷ್ಟು ಪ್ರೋಟೀನ್ ಎಲ್ಲೂ ಇಲ್ಲ, ಹನ್ನೊಂದು ಗಂಟೆಗೆ ಮತ್ತೆ ಹಸಿವು, ಕಾಫಿ, ಬಿಸ್ಕೆಟ್. ಓಟ್ಸ್ ತಂದು ನೋಡಿದೆ, ಮನೇಲಿ ಯಾರೂ ಮುಟ್ಲಿಲ್ಲ, ನಂಗೂ ಮೂರೇ ದಿನಕ್ಕೆ ಸಾಕಾಯ್ತು. ಆಮೇಲೆ ನೆನಪಾಗಿದ್ದು ಅಜ್ಜಿ ಮಾಡ್ತಿದ್ದ ನುಚ್ಚಿನುಂಡೆ! ತೊಗರಿಬೇಳೆ ಕಡ್ಲೆಬೇಳೆ ನೆನೆಸಿ ತರಿತರಿಯಾಗಿ ರುಬ್ಬಿ, ಸಬ್ಸಿಗೆ ಸೊಪ್ಪು ಕಾಯಿತುರಿ ಹಸಿಮೆಣಸಿನಕಾಯಿ ಹಾಕಿ ಉಂಡೆ ಕಟ್ಟಿ ಹಬೇಲಿ ಬೇಯ್ಸೋದು, ಪೂರ್ತಿ ಬೇಳೆ, ಎಣ್ಣೇನೂ ಇಲ್ಲ, ಮಜ್ಜಿಗೆ ಹುಳಿ ಜೊತೆ ಮಕ್ಕಳೂ ತಿಂದ್ರು. ಇನ್ನು ನೆನೆಸಿದ ಹೆಸರುಕಾಳು ರುಬ್ಬಿ ದೋಸೆ, ಒಂದು ಅಕ್ಕಿರೊಟ್ಟಿ ತಟ್ಟೋವಾಗ ಅರ್ಧಕ್ಕರ್ಧ ಸೊಪ್ಪು ತರಕಾರಿ ಹಿತಕಿದ ಅವರೆಬೇಳೆ, ಉಪ್ಪಿಟ್ಟಿಗೆ ರವೆ ಒಂದು ಲೋಟ ಆದ್ರೆ ತರಕಾರಿ ಎರಡು ಲೋಟ, ಮೊಟ್ಟೆ ತಿನ್ನೋರಾದ್ರೆ ಎರಡು ಮೊಟ್ಟೆ. ಇಡ್ಲಿ ಬೇಕು ಅನ್ಸಿದ ದಿನ ಎರಡೇ ಇಡ್ಲಿ, ಒಂದು ದೊಡ್ಡ ಬಟ್ಟಲು ತರಕಾರಿ ಹಾಕಿದ ಗಟ್ಟಿ ಸಾಂಬಾರ್. ಬೇರೆ ಬೇರೆ ಅಡುಗೆ ಮಾಡೋಕೆ ಹೋಗ್ಬೇಡಿ, ನಿಮಗೊಂದು ಮನೆಯವರಿಗೊಂದು ಅಂತ ಶುರು ಮಾಡಿದ್ರೆ ಹದಿನೈದು ದಿನಕ್ಕೆ ನಿಂತೋಗುತ್ತೆ.

ಊಟಕ್ಕೆ ಬಸ್ಸಾರು ಇದ್ದಂಗೆ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ, ಸೊಪ್ಪು ಕಾಳು ಒಟ್ಟಿಗೆ ಬೇಯ್ಸಿ ಬಸಿದ್ರೆ ಕಟ್ಟಲ್ಲಿ ಸಾರು, ಉಳಿದಿದ್ದರಲ್ಲಿ ಪಲ್ಯ, ಅರ್ಧ ತಟ್ಟೆ ತಾನಾಗೇ ತುಂಬುತ್ತೆ. ಹುರುಳಿಕಾಳು, ಅಲಸಂದೆ, ಹೆಸರುಕಾಳು, ಕಡ್ಲೆಕಾಳು ತಿರುಗಿಸಿ ತಿರುಗಿಸಿ ಮಾಡಿ, 100 ಗ್ರಾಂ ಒಣ ಹುರುಳೀಲಿ 22 ಗ್ರಾಂ ಹತ್ರ ಪ್ರೋಟೀನ್ ಇದೆ.

ಕಾಫಿ ಟೀ ಲೆಕ್ಕ ಹಾಕಿ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದ್ರೆ ಎಂಟು ಚಮಚ, ಸುಮಾರು 40 ಗ್ರಾಂ. ಎಲ್ಲಾ ಸೇರಿ ದಿನಕ್ಕೆ 25 ಗ್ರಾಂ ಒಳಗಿರ್ಲಿ ಅನ್ನೋದು ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಸಲಹೆ. ನಾನು ಎರಡು ಲೋಟಕ್ಕೆ ಇಳಿಸಿ, ಎರಡು ತಿಂಗಳಲ್ಲಿ ಸಕ್ಕರೆ ಪೂರ್ತಿ ಬಿಟ್ಟೆ, ಮೊದಲ ಎರಡು ವಾರ ಕಹಿ ಅನ್ಸುತ್ತೆ ಆಮೇಲೆ ನಾಲಿಗೆ ಹೊಂದ್ಕೊಳುತ್ತೆ. ಸಂಜೆ ಬೇಕರಿ ಬನ್ನು ಪಫ್ಸ್ ಬದಲು ಬೇಯಿಸಿದ ಕಡ್ಲೆಕಾಯಿ, ಹುರಿಗಡಲೆ, ಕಾಳಿನ ಉಸ್ಲಿ. ಹಣ್ಣು ಜ್ಯೂಸ್ ಮಾಡ್ಬೇಡಿ, ಕಚ್ಚಿ ತಿನ್ನಿ, ಸೀಬೆ, ಪರಂಗಿ, ನೇರಳೆ, ಕಿತ್ತಳೆ ದಿನಕ್ಕೊಂದೆರಡು ಸರ್ತಿ ತಿನ್ಬಹುದು. ಮೆಂತ್ಯ ನೀರು, ಹಾಗಲಕಾಯಿ ಜ್ಯೂಸ್ ಕುಡೀತೀನಿ ಅಂತ ಅನ್ನ ಮೊದಲಿನಷ್ಟೇ ಉಂಡ್ರೆ ಆಗಲ್ಲ, ಹಾಗಲಕಾಯಿ ಗೊಜ್ಜಿಗೆ ನಾವು ಹಾಕೋ ಬೆಲ್ಲಾನೂ ನೋಡ್ಕೊಳ್ಳಿ.

ಇನ್ನು ಕಣಜ ಖಾಲಿ ಮಾಡೋ ಕೆಲಸ. ಬೆಳಿಗ್ಗೆ ಪಾರ್ಕಲ್ಲಿ ಒಂದು ಗಂಟೆ ವಾಕ್ ಮಾಡೋಕೆ ಆಗದೇ ಇರೋರು ಅದನ್ನೇ ನೆಪ ಮಾಡ್ಕೊಂಡು ಬಿಟ್ಬಿಡ್ತಾರೆ, ನಂಗೂ ಬೆಳಿಗ್ಗೆ ಡಬ್ಬಿ ಕಟ್ಟೋದ್ರಲ್ಲೇ ಹೊತ್ತು ಹೋಗುತ್ತೆ. ಅದಕ್ಕೆ ಪ್ರತಿ ಊಟ ಆದ್ಮೇಲೆ 10ರಿಂದ 15 ನಿಮಿಷ ನಡಿಯೋಕೆ ಶುರು ಮಾಡಿದೆ, ಟೆರೇಸ್ ಮೇಲೆ, ಬೀದೀಲಿ, ಮಳೆ ಬಂದ್ರೆ ಮನೆ ಒಳಗೇ. ಉಂಡ ತಕ್ಷಣ ನಡೆದಾಗ ಕಾಲಿನ ಮಾಂಸಖಂಡ ಇನ್ಸುಲಿನ್ (ರಕ್ತದ ಸಕ್ಕರೆನ ಮಾಂಸಖಂಡಕ್ಕೆ ಸೇರಿಸೋ ಹಾರ್ಮೋನ್) ಸಹಾಯಕ್ಕೆ ಅಷ್ಟಾಗಿ ಕಾಯ್ದೆ ರಕ್ತದಿಂದ ಸಕ್ಕರೆ ಎಳ್ಕೊಳುತ್ತೆ, ಮೂರು ಹೊತ್ತು ಸೇರಿದ್ರೆ ದಿನಕ್ಕೆ ಅರ್ಧ ಗಂಟೆ ಮೇಲೆ ಆಯ್ತು. ಎರಡನೇ ತಿಂಗಳಿಂದ ದಿನ ಬಿಟ್ಟು ದಿನ ಬಸ್ಕಿ ಸೇರಿಸಿದೆ, ಮೊದಲು ಕುರ್ಚಿ ಮೇಲೆ ಕೂತು ಎದ್ದು ಹತ್ತು ಸರ್ತಿ, ಗೋಡೆಗೆ ಕೈ ಕೊಟ್ಟು ದಂಡ ತರ ಹತ್ತು, ನೀರಿನ ಬಾಟ್ಲಿ ಎತ್ತಿ ಇಳಿಸೋದು, ಈಗ ಬಸ್ಕಿ 15ರಂತೆ ಮೂರು ಸರ್ತಿ ಹೊಡೀತೀನಿ. ಮಂಡಿ ನೋವಿದ್ರೆ ಪೂರ್ತಿ ಬಗ್ಗಬೇಡಿ, ಕುರ್ಚಿ ಎತ್ತರ ಸಾಕು. ಆಫೀಸಲ್ಲಿ ಕೂತೇ ಇರೋರು ಅರ್ಧ ಗಂಟೆಗೊಮ್ಮೆ ಎದ್ದು ಒಂದು ಸುತ್ತು ಬನ್ನಿ.

ರಾತ್ರಿ ಊಟ ಎಂಟು ಗಂಟೆ ಒಳಗೆ ಮುಗಿಸೋದು, ಏಳು ಗಂಟೆ ನಿದ್ದೆ, ಇವೂ ಇದರ ಭಾಗಾನೇ, ನಿದ್ದೆ ಕೆಟ್ರೆ ಇನ್ಸುಲಿನ್ ಕೆಲಸ ಮಾಡೋದು ಕೆಡುತ್ತೆ, ಮಾರನೇ ದಿನ ಹಸಿವೂ ಜಾಸ್ತಿ. ಸಿಗರೇಟ್ ಇದ್ರೆ ಬಿಡ್ಲೇಬೇಕು.

ನೆಂಟರ ಮನೇಲಿ, ಹಬ್ಬದಲ್ಲಿ ಏನು ಮಾಡೋದು ಅಂತ ಕೇಳ್ತಾರೆ. ಹೋಳಿಗೆ ಒಂದು ತಿನ್ನಿ, ಊಟದ ಕೊನೇಲಿ ತಿನ್ನಿ, ಆವತ್ತು ಅನ್ನ ಬಿಡಿ, ಆಮೇಲೆ ಒಂದು ಸುತ್ತು ನಡೀರಿ. ವರ್ಷಕ್ಕೆ ಹತ್ತು ಹಬ್ಬದಿಂದ ಶುಗರ್ ಬರಲ್ಲ, ದಿನಾ ಮೂರು ಹೊತ್ತು ತಿನ್ನೋದ್ರಿಂದ ಬರುತ್ತೆ. ಬಲವಂತ ಮಾಡೋರಿಗೆ "ಅತ್ತೆ, ಪಲ್ಯ ಇನ್ನೊಂದು ಸ್ವಲ್ಪ ಬಡಿಸಿ" ಅಂತ ಕೇಳಿ ನೋಡಿ, ಅವ್ರಿಗೂ ಖುಷಿ ಆಗುತ್ತೆ ಪಾಯಸದ ಮಾತೂ ಅಲ್ಲಿಗೆ ನಿಲ್ಲುತ್ತೆ.

ಆಗಲೇ ಶುಗರ್ ಮಾತ್ರೆ ತಗೊಳ್ತಿರೋರು, ಬಸುರಿಯರು, ಕಿಡ್ನಿ ತೊಂದ್ರೆ ಇರೋರು ಡಾಕ್ಟರ್‌ನ ಕೇಳದೆ ಇದ್ಯಾವ್ದನ್ನೂ ಶುರು ಮಾಡ್ಬೇಡಿ, ಊಟ ಕಮ್ಮಿ ಆಗಿ ಮಾತ್ರೆ ಅಷ್ಟೇ ಇದ್ರೆ ಕೆಲವು ಮಾತ್ರೆಗಳಿಂದ ಶುಗರ್ ತೀರಾ ಕೆಳಗಿಳಿಯುತ್ತೆ. ಬಸುರಿ ಆಗಿದ್ದಾಗ ಶುಗರ್ ಬಂದು ಹೆರಿಗೆ ಆದ್ಮೇಲೆ ಹೋಗಿದ್ರೆ ನೀವು ಬಾರ್ಡರ್ ಇಲ್ದೇ ಇದ್ರೂ ಆಗಾಗ ಟೆಸ್ಟ್ ಮಾಡಿಸ್ತಿರಿ. ಡಾಕ್ಟರ್ ಮೆಟ್‌ಫಾರ್ಮಿನ್ ಬರೆದ್ರೆ ಸೋತೆ ಅಂದ್ಕೊಳೋದು ಬೇಡ, ತಗೊಳ್ಳಿ, ಇದೂ ಜೊತೆಗೆ ಮಾಡಿ.

ಮನೇಲಿ ಗ್ಲೂಕೋಮೀಟರ್ ಇದ್ರೆ ದಿನಾ ಚುಚ್ಕೊಳೋದು ಬೇಡ, ವಾರಕ್ಕೆರಡು ಸರ್ತಿ, ಊಟದ ಮೊದಲನೇ ತುತ್ತಿಂದ ಲೆಕ್ಕ ಹಾಕಿ ಎರಡು ಗಂಟೆಗೆ ನೋಡಿ, ಏನು ತಿಂದ್ರಿ ಅಂತ ಪಕ್ಕದಲ್ಲೇ ಬರೆದಿಡಿ, 140 ದಾಟಿಸೋ ಊಟ ಯಾವ್ದು ಅಂತ ಒಂದು ತಿಂಗಳಲ್ಲಿ ನಿಮಗೇ ಗೊತ್ತಾಗುತ್ತೆ, ನಂಗೆ ಅದು ಚಿತ್ರಾನ್ನ. ಎಚ್‌ಬಿಎ1ಸಿ ಮೂರು ತಿಂಗಳಿಗಿಂತ ಮುಂಚೆ ಮಾಡಿಸಿ ಪ್ರಯೋಜನ ಇಲ್ಲ, ಕೆಂಪು ರಕ್ತಕಣದ ಆಯಸ್ಸೇ ಸುಮಾರು 120 ದಿನ, ಹಳೇ ಕಣಗಳು ಹೋಗಿ ಹೊಸವು ಬರೋ ತನಕ ಹಳೇ ಊಟದ ಲೆಕ್ಕಾನೇ ಬರ್ತಿರುತ್ತೆ. ನಂಗೆ ಮೂರನೇ ತಿಂಗಳಿಗೆ 5.9 ಬಂತು, ತೂಕ ಎರಡೇ ಕೆಜಿ ಇಳಿದಿತ್ತು, ಇಷ್ಟೇನಾ ಅಂತ ಬೇಜಾರಾಯ್ತು, ಆದ್ರೂ ಅದನ್ನೇ ಮುಂದುವರಿಸಿದೆ, ಎಂಟನೇ ತಿಂಗಳಿಗೆ 63 ಕೆಜಿ, 5.5. ನಾರ್ಮಲ್ ಬಂದ್ಮೇಲೂ ವರ್ಷಕ್ಕೊಮ್ಮೆ ಟೆಸ್ಟ್ ತಪ್ಪಿಸ್ಬೇಡಿ, ಆದಷ್ಟು ಅದೇ ಲ್ಯಾಬಲ್ಲೇ ಮಾಡಿಸಿ, ಹಳೇ ರಿಪೋರ್ಟ್‌ಗಳನ್ನೆಲ್ಲ ಒಂದೇ ಫೈಲಲ್ಲಿ ಇಡಿ.