ರೈಸಾ, ರೇಯ್ಸಾ? ಒಂದು ‘ಇಸು’ ಹಾಕಿ ನೋಡಿ

ಇಂಗ್ಲಿಷ್ ಬರೆಯುವಾಗ ನಮ್ಮಲ್ಲಿ ಜಾಸ್ತಿ ಜನ ತಡವರಿಸುವುದು ದೊಡ್ಡ ಪದಗಳಲ್ಲಲ್ಲ, ಚಿಕ್ಕ ಚಿಕ್ಕ ಕ್ರಿಯಾಪದಗಳಲ್ಲಿ. ಇಲ್ಲಿ ರೈಸ್ ಬರಬೇಕಾ, ರೇಯ್ಸ್ ಬರಬೇಕಾ? ಲೈ ಸರಿಯಾ, ಲೇ ಸರಿಯಾ? ಗ್ರಾಮರ್ ಪುಸ್ತಕ ಹುಡುಕುವ ಮೊದಲು ಅದೇ ಮಾತನ್ನು ಕನ್ನಡದಲ್ಲಿ ಒಮ್ಮೆ ಹೇಳಿ ನೋಡಿ. ಅರ್ಧಕ್ಕರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

‘ಟೊಮ್ಯಾಟೊ ಬೆಲೆ ಏರಿತು.’ ತಾನಾಗಿ ಏರಿದ್ದು, ಹಾಗಾಗಿ ರೈಸ್. ‘ಬಸ್ ಚಾರ್ಜ್ ಏರಿಸಿದರು.’ ಯಾರೋ ಏರಿಸಿದ್ದು, ಹಾಗಾಗಿ ರೇಯ್ಸ್. ಇಂಥ ಜೋಡಿಗಳಲ್ಲಿ ಕನ್ನಡಕ್ಕೆ ‘ಇಸು’ ಬಂತು ಅಂದರೆ ಇಂಗ್ಲಿಷ್‌ನಲ್ಲಿ ಪದ ಬದಲಾಗುತ್ತದೆ, ಅಷ್ಟೇ. ‘ಕೈ ಎತ್ತಿ’ ಅನ್ನುವುದರಲ್ಲಿ ಇಸು ಇಲ್ಲವಲ್ಲ ಅಂತ ಕೇಳಬಹುದು. ‘ಏನನ್ನು ಎತ್ತಬೇಕು?’ ಅಂದರೆ ‘ಕೈಯನ್ನು’ ಅಂತ ಉತ್ತರ ಸಿಗುತ್ತದೆ ಅಲ್ವಾ, ಅದೂ ರೇಯ್ಸೇ.

ಕಲಿ ಲರ್ನ್, ಕಲಿಸು ಟೀಚ್. ನೆನಪಿಟ್ಟುಕೋ ರಿಮೆಂಬರ್, ನೆನಪಿಸು ರಿಮೈಂಡ್. ‘ಪ್ಲೀಸ್ ರಿಮೆಂಬರ್ ಮಿ ಟುಮಾರೋ’ ಅಂತ ಮೆಸೇಜ್ ಹಾಕಿದರೆ ‘ನಾಳೆ ನನ್ನನ್ನು ನೆನೆಸಿಕೊಳ್ಳಿ’ ಅಂತಾಗುತ್ತದೆ, ಊರು ಬಿಟ್ಟು ಹೋಗುವವರು ಹೇಳಿದ ಹಾಗೆ.

ಮಲಗು ಲೈ, ಮಲಗಿಸು ಲೇ. ಇಲ್ಲಿ ಮಾತ್ರ ಒಂದು ಗುಂಡಿ ಇದೆ. ಲೈ ಅನ್ನುವುದರ ಭೂತಕಾಲವೇ ಲೇ! ‘ನಿನ್ನೆ ಮಧ್ಯಾಹ್ನ ಮಲಗಿದೆ’ ಅಂದರೆ ಐ ಲೇ ಡೌನ್, ‘ಮಗುವನ್ನು ಮಲಗಿಸಿದೆ’ ಅಂದರೆ ಐ ಲೇಡ್ ದ ಬೇಬಿ ಡೌನ್, ಇನ್ನು ಸುಳ್ಳು ಹೇಳುವ ಲೈ ಬೇರೆಯೇ, ಅದು ಲೈಡ್ ಆಗುತ್ತದೆ. ಇಂಗ್ಲಿಷ್ ಮನೆಮಾತಿನವರೇ ಇಲ್ಲಿ ಎಡವುತ್ತಾರೆ, ನೀವು ನಾಚಿಕೊಳ್ಳಬೇಡಿ.

ಈ ಉಪಾಯ ನಡೆಯುವುದಕ್ಕೆ ಕಾರಣವೂ ಇದೆ. ಇಂಗ್ಲಿಷ್ ಹುಟ್ಟಿದ ಹಳೆಯ ಜರ್ಮಾನಿಕ್ ಭಾಷೆಯಲ್ಲೂ ನಮ್ಮ ‘ಇಸು’ ಥರದ ಒಂದು ಬಾಲ ಇತ್ತು. ಕಾಲ ಕಳೆದಂತೆ ಬಾಲ ಸವೆದುಹೋಯಿತು, ಒಳಗಿನ ಸ್ವರದ ವ್ಯತ್ಯಾಸ ಮಾತ್ರ ಉಳಿಯಿತು. ಸಿಟ್ ಅಂದರೆ ಕೂರು, ಸೆಟ್ ಅಂದರೆ ಕೂರಿಸು. ಫಾಲ್ ಅಂದರೆ ಬೀಳು, ಮರ ಬೀಳಿಸುವುದಕ್ಕೆ ಫೆಲ್. ನನಗೆ ತುಂಬಾ ಇಷ್ಟವಾದದ್ದು ಡ್ರಿಂಕ್ ಮತ್ತು ಡ್ರೆಂಚ್. ಡ್ರೆಂಚ್ ಅಂದರೆ ನೆನೆಸು ಅಂತ ನಾವು ಕಲಿತಿರುತ್ತೇವೆ, ಆದರೆ ಮೂಲ ಅರ್ಥ ಕುಡಿಸು. ಹಸುವಿನ ಬಾಯಿಗೆ ಗೊಟ್ಟ ಇಟ್ಟು ಔಷಧಿ ಕುಡಿಸುವುದಕ್ಕೆ ಪಶುವೈದ್ಯರು ಇವತ್ತಿಗೂ ಡ್ರೆಂಚ್ ಅಂತಲೇ ಹೇಳುತ್ತಾರೆ.

ಇನ್ನು ‘ಕೇಳು’. ಇದರಿಂದ ನಾನೇ ಪೆಟ್ಟು ತಿಂದಿದ್ದೇನೆ. ಹಳೆಯ ಕೆಲಸದಲ್ಲಿ ಒಂದು ಕಾಲ್ ಮಧ್ಯೆ ನೆಟ್‌ವರ್ಕ್ ಕೈಕೊಟ್ಟಿತು, ನಾನು ಗಾಬರಿಯಲ್ಲಿ ಮ್ಯಾನೇಜರಿಗೆ ‘ಆರ್ ಯು ಲಿಸನಿಂಗ್ ಟು ಮಿ?’ ಅಂದೆ. ನನ್ನ ತಲೆಯಲ್ಲಿ ಇದ್ದದ್ದು ‘ಕೇಳಿಸ್ತಿದ್ಯಾ ಸರ್?’ ಅಂತ. ಅವರಿಗೆ ಮುಟ್ಟಿದ್ದು ‘ನಾನು ಹೇಳೋದನ್ನ ಗಮನ ಇಟ್ಟು ಕೇಳ್ತಿದ್ದೀರಾ ಇಲ್ವಾ?’ ಅಂತ. ಕಿವಿಗೆ ಬೀಳುವುದು ಹಿಯರ್, ಕಿವಿ ಕೊಡುವುದು ಲಿಸನ್. ಕೇಳಿಸುತ್ತಿದೆಯಾ ಅನ್ನುವುದಕ್ಕೆ ‘ಕ್ಯಾನ್ ಯು ಹಿಯರ್ ಮಿ?’ ಸಾಕಿತ್ತು. ಕಣ್ಣಿಗೂ ಇದೇ ಮಾತು: ಕಾಣಿಸಿದರೆ ಸೀ, ಕಣ್ಣು ಹಾಯಿಸಿದರೆ ಲುಕ್, ಮ್ಯಾಚ್ ಥರ ನಡೆಯುತ್ತಿರುವುದನ್ನು ನೋಡುತ್ತಾ ಕೂತರೆ ವಾಚ್. (ಕೇಳಿಸು, ಕಾಣಿಸು ಇವುಗಳಲ್ಲಿರುವ ಇಸು ಬೇರೆ ಜಾತಿಯದು, ಮೇಲಿನ ಲೆಕ್ಕಕ್ಕೆ ಸೇರಿಸಬೇಡಿ.)

ಬಾರೋ, ಲೆಂಡ್ ಗೊಂದಲಕ್ಕೆ ‘ಸಾಲ’ ಅನ್ನುವ ಪದವೇ ಕಾರಣ. ಅದನ್ನು ಬಿಡಿ, ‘ಇಸ್ಕೊಳ್ಳೋದು’ ಅಂತ ಯೋಚಿಸಿ. ಪಕ್ಕದವರ ಹತ್ತಿರ ಪೆನ್ ಇಸ್ಕೊಂಡರೆ ನೀವು ಬಾರೋ ಮಾಡಿದ್ದು, ಅವರು ಕೊಟ್ಟದ್ದು ಲೆಂಡ್.

ಬಟ್ಟೆಯ ವಿಷಯ ಇನ್ನೂ ಸುಲಭ. ಕನ್ನಡಿ ಮುಂದೆ ನಿಂತು ‘ಶರ್ಟ್ ಹಾಕ್ಕೊಳ್ತಿದ್ದೀನಿ’ ಅಂದರೆ ಪುಟಿಂಗ್ ಆನ್. ಮನೆಯಿಂದ ಹೊರಟ ಮೇಲೆ ‘ನೀಲಿ ಶರ್ಟ್ ಹಾಕ್ಕೊಂಡಿದ್ದೀನಿ, ಗುರುತು ಸಿಗುತ್ತೆ’ ಅಂದರೆ ವೇರಿಂಗ್.

ಕನ್ನಡವೇ ದಾರಿ ತಪ್ಪಿಸುವ ಜಾಗಗಳೂ ಇವೆ. ‘ಹೇಳು’ ಒಂದೇ, ಅಲ್ಲಿ ಸೇ ಮತ್ತು ಟೆಲ್ ಎರಡು. ‘ಅವನಿಗೆ ಹೇಳಿದೆ’ ಅನ್ನುವ ‘ಗೆ’ಯನ್ನು ಹಾಗೇ ಎತ್ತಿಕೊಂಡು ಹೋಗಿ ‘ಟೋಲ್ಡ್ ಟು ಹಿಮ್’ ಅಂದುಬಿಡುತ್ತೇವೆ. ಟೆಲ್ ಬಂದರೆ ಟು ಬೇಡ, ಟೋಲ್ಡ್ ಹಿಮ್ ಅಷ್ಟೇ. ಸೇ ಬಂದರೆ ಟು ಬೇಕು, ಸೆಡ್ ಟು ಹಿಮ್.

‘ಮಾಡು’ ಬಂದಾಗಲಂತೂ ಯಾವ ಉಪಾಯವೂ ನಡೆಯುವುದಿಲ್ಲ. ಹೋಮ್‌ವರ್ಕಿಗೆ ಡೂ, ತಪ್ಪಿಗೆ ಮೇಕ್, ಫೋನ್ ಕಾಲಿಗೆ ಮೇಕ್, ಪಾತ್ರೆ ತೊಳೆಯುವುದಕ್ಕೆ ಡೂ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎರಡು ಪಟ್ಟಿ ಮಾಡಿ, ಓದುವಾಗ ಸಿಕ್ಕಿದ್ದನ್ನು ಸೇರಿಸುತ್ತಾ ಹೋಗಿ.